ಮೀಟರು ಶೆಲ್ ತಿನ್ನುತ್ತಿದೆ, ಏನು ಮಾಡುವುದು?

ಈ ಸಲ ಬಂದ ಪತ್ರಗಳಲ್ಲಿ ವೋಲ್ಟ್, ಓಮ್, ಆಂಪಿಯರ್ ಅಳೆಯುವ ಮಲ್ಟಿಮೀಟರ್, ವೈರನ್ನು ದವಡೆಯಲ್ಲಿ ಹಿಡಿದು ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್‌ಗಳ ಬ್ಯಾಟರಿ ಬೇಗ ಇಳಿಯುವ ದೂರೇ ಹೆಚ್ಚು. ಬಹುಪಾಲು ಪತ್ರಗಳು ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆಯವು, ಅದೂ ಮಳೆ ಹಿಡಿದ ಮೇಲೆ ಬರೆದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು ಡಿಟಿ 830 ಮಾದರಿಯ ಡಿಜಿಟಲ್ ಮೀಟರ್. ಹೊಸ 9 ವೋಲ್ಟ್ ಬ್ಯಾಟರಿ ಹಾಕಿದರೆ ಇಪ್ಪತ್ತು ದಿನಕ್ಕೆ ಖಾಲಿ. ದಿನಕ್ಕೆ ಬಳಸುವುದು ಅರ್ಧ ಗಂಟೆ ಅಷ್ಟೆ. ಮೂರು ಕಂಪನಿಯ ಬ್ಯಾಟರಿ ಹಾಕಿ ನೋಡಿದ್ದಾಯಿತು. ಮೀಟರನ್ನೇ ಎಸೆಯಬೇಕಾ ಸರ್?
– ವೈರ್‌ಮನ್, ತೀರ್ಥಹಳ್ಳಿ

ಉತ್ತರ: ಎಸೆಯಬೇಡಿ. ನಾಲ್ಕನೇ ಬ್ಯಾಟರಿ ತರುವುದೂ ಬೇಡ. ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ, ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ 9 ವೋಲ್ಟ್ ಬ್ಯಾಟರಿ ಜಿಂಕ್-ಕಾರ್ಬನ್ ಜಾತಿಯದು, ಮೈಮೇಲೆ 6ಎಫ್22 ಎಂದು ಬರೆದಿರುತ್ತದೆ. ಅದರ ಹೊಟ್ಟೆಯಲ್ಲಿರುವುದು ಸುಮಾರು 400 ಮಿಲಿಆಂಪಿಯರ್-ಗಂಟೆ, ಅಂದರೆ 1 ಮಿಲಿಆಂಪಿಯರ್ ಕರೆಂಟನ್ನು 400 ಗಂಟೆ ಕೊಡುವಷ್ಟು. 6ಎಲ್‌ಆರ್61 ಎಂದಿರುವ ಆಲ್ಕಲೈನ್ ಆದರೆ 500ರಿಂದ 550. ನಿಮ್ಮ ಜಾತಿಯ ಮೀಟರು ಆನ್ ಇದ್ದಾಗ ಎಳೆಯುವುದು 1ರಿಂದ 2 ಮಿಲಿಆಂಪಿಯರ್. ದಿನಕ್ಕೆ ಅರ್ಧ ಗಂಟೆ ಎಂದರೆ ವರ್ಷಕ್ಕೆ 180 ಚಿಲ್ಲರೆ ಗಂಟೆ. 2 ಮಿಲಿಆಂಪಿಯರ್ ಹಿಡಿದರೂ ಒಂದು ಬ್ಯಾಟರಿ ವರ್ಷ ಬರಬೇಕು. ನಿಮಗೆ ಬರುತ್ತಿರುವುದು 20 ದಿನ, ಅಂದರೆ 480 ಗಂಟೆ. 400ನ್ನು 480ರಿಂದ ಭಾಗಿಸಿದರೆ 0.8 ಮಿಲಿಆಂಪಿಯರ್. ಹಗಲು ರಾತ್ರಿ ಬಿಡದೆ ಇಷ್ಟು ಹೋಗುತ್ತಿದೆ. ಬ್ಯಾಟರಿ ಕಂಪನಿಯದು ತಪ್ಪಿಲ್ಲ. ಮೀಟರು ಮಲಗುತ್ತಿಲ್ಲ.

ಮಲಗದಿರಲು ಮೂರ್ನಾಲ್ಕು ಕಾರಣಗಳುಂಟು. ಎಲ್ಲಕ್ಕಿಂತ ಸಾಮಾನ್ಯವಾದದ್ದು ತೀರಾ ಸಪ್ಪೆ: ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಜೊತೆ ಚೀಲದಲ್ಲಿ ಹಾಕಿದಾಗ ಗುಬ್ಬಿ (ಅಳತೆ ಆರಿಸುವ ತಿರುಗು ಸ್ವಿಚ್) ತಿರುಗಿ ಆಫ್‌ನಿಂದ ಪಕ್ಕದ ಮನೆಗೆ ಹೋಗಿರುತ್ತದೆ. ಈ ಮಾದರಿಯಲ್ಲಿ ತಾನೇ ಆಫ್ ಆಗುವ ವ್ಯವಸ್ಥೆ ಇಲ್ಲ. ಒಂದು ವಾರ ಮೀಟರನ್ನು ಬೇರೆ ಪೌಚಿನಲ್ಲಿಟ್ಟು, ಚೀಲದಿಂದ ತೆಗೆದಾಗಲೆಲ್ಲ ಗುಬ್ಬಿ ಎಲ್ಲಿದೆ ನೋಡಿ. ಹಾಗೆ ತಿರುಗುವುದೇ ಇಲ್ಲ ಅಂತಾದರೆ ಎಳೆತವನ್ನೇ, ಅಂದರೆ ಮೀಟರು ಬ್ಯಾಟರಿಯಿಂದ ಎಳೆಯುವ ಕರೆಂಟನ್ನೇ ಅಳೆಯಬೇಕು. ಅದಕ್ಕೆ ಸ್ನೇಹಿತರ ಇನ್ನೊಂದು ಮಲ್ಟಿಮೀಟರು, ಎರಡು ಕ್ರೊಕೊಡೈಲ್ ಕ್ಲಿಪ್ ವೈರು ಸಾಕು.

ಮೊದಲು ನಿಮ್ಮ ಮೀಟರಿನ ಎರಡೂ ಪ್ರೋಬ್ (ಚೂಪು ತುದಿಯ ವೈರು) ಕಿತ್ತಿಡಿ. ಲೈನಿನಲ್ಲಿ ಪ್ರೋಬ್ ಇದ್ದಂತೆಯೇ ಹಿಂಬದಿ ಮುಚ್ಚಳ ತೆಗೆಯುವವರು ಇದ್ದಾರೆ, ಅದಕ್ಕೇ ಹೇಳಬೇಕಾಯಿತು. ಹಿಂದಿನ ಸ್ಕ್ರೂ ಬಿಚ್ಚಿ ಬ್ಯಾಟರಿಯನ್ನು ಟೋಪಿಯಿಂದ (ವೈರು ಬೆಸೆದ ಎರಡು ಗುಂಡಿಯ ಕ್ಲಿಪ್ಪಿನಿಂದ) ಬಿಡಿಸಿ. ಬ್ಯಾಟರಿಯಲ್ಲಿ ಸಣ್ಣ ದುಂಡು ಗುಂಡಿ ಪ್ಲಸ್, ಹೂವಿನಂತೆ ಅರಳಿದ ದೊಡ್ಡದು ಮೈನಸ್. ಈಗ ಬ್ಯಾಟರಿಯನ್ನು ಅಡ್ಡ ತಿರುಗಿಸಿ ಮೈನಸ್ ಕಡೆ ಮಾತ್ರ ಟೋಪಿಗೆ ಕೂರಿಸಿ, ಪ್ಲಸ್ ಹೊರಗೆ ಚಾಚಿರಲಿ. ಎರಡನೇ ಮೀಟರಿನ ಕೆಂಪು ವೈರನ್ನು ಮಿಲಿಆಂಪಿಯರ್ ತೂತಿಗೆ ಹಾಕಿ, ಗುಬ್ಬಿ ಡಿಸಿ 20 ಮಿಲಿಆಂಪಿಯರ್‌ಗೆ. ಕೆಂಪು ತುದಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ತುದಿ ಟೋಪಿಯಲ್ಲಿ ಖಾಲಿ ಉಳಿದ ಗುಂಡಿಗೆ.

ನಿಮ್ಮ ಮೀಟರನ್ನು ಆನ್ ಮಾಡಿ. 1ರಿಂದ 2ರ ನಡುವೆ ತೋರಿಸಿದರೆ ಆನ್ ಎಳೆತ ಸರಿ ಇದೆ. ಆಫ್ ಮಾಡಿ. 0.00 ಬರಬೇಕು. ಬಂದರೆ ಎರಡನೇ ಮೀಟರನ್ನು 2000 ಮೈಕ್ರೊಆಂಪಿಯರ್‌ಗೆ, ಅದರ ಕೆಳಗೆ 200 ಮೈಕ್ರೊ ಇದ್ದರೆ ಅದಕ್ಕೂ ಇಳಿಸಿ ನೋಡಿ. ಈ ಕ್ರಮ ತಪ್ಪಿಸಬೇಡಿ. 200 ಮೈಕ್ರೊದಲ್ಲಿ ಅಳೆಯುವ ಮೀಟರಿನ ಒಳಗೆ ಸಾಮಾನ್ಯವಾಗಿ 1000 ಓಮ್ ರೆಸಿಸ್ಟರ್ ದಾರಿಗೆ ಅಡ್ಡ ಇರುತ್ತದೆ, 20 ಮಿಲಿಯಲ್ಲಿ 10 ಓಮ್ ಮಾತ್ರ. ಮೈಕ್ರೊದಲ್ಲಿಟ್ಟುಕೊಂಡು ನಿಮ್ಮ ಮೀಟರನ್ನು ಆನ್ ಮಾಡಿದರೆ 1ರಿಂದ 2 ವೋಲ್ಟ್ ದಾರಿಯಲ್ಲೇ ಬಿದ್ದು ಅದು ಸರಿಯಾಗಿ ಎದ್ದೇಳದಿರಬಹುದು, ನೀವು ಇಲ್ಲದ ಕಾಯಿಲೆ ಹುಡುಕುತ್ತಾ ಕೂರುತ್ತೀರಿ.

ಗುಬ್ಬಿಯೇ ಬ್ಯಾಟರಿ ದಾರಿ ಕತ್ತರಿಸುವ ಈ ಜಾತಿಯಲ್ಲಿ ಆಫ್ ಎಂದರೆ ಸೊನ್ನೆಯೇ. 5, 10 ಮೈಕ್ರೊಆಂಪಿಯರ್ ಬಂದರೆ ತಲೆಕೆಡಿಸಿಕೊಳ್ಳಬೇಡಿ, 10 ಮೈಕ್ರೊದಲ್ಲಿ ಬ್ಯಾಟರಿ ನಾಲ್ಕು ವರ್ಷ ಬರುತ್ತದೆ, ಅಷ್ಟರೊಳಗೆ ಅದು ತಾನಾಗಿಯೇ ಮುದಿಯಾಗಿರುತ್ತದೆ. 100 ಮೈಕ್ರೊ ಆದರೆ ಐದೂವರೆ ತಿಂಗಳು. ನಿಮ್ಮದರಲ್ಲಿ 800ರ ಆಸುಪಾಸು ಸಿಗಬಹುದು ಎಂಬುದು ನಮ್ಮ ಅಂದಾಜು.

ಅಳತೆ ಮುಗಿದ ಕೂಡಲೇ ಎರಡನೇ ಮೀಟರಿನ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಆಂಪಿಯರ್ ತೂತಿನಲ್ಲೇ ಮರೆತು 230 ವೋಲ್ಟ್ ಪ್ಲಗ್ಗಿಗೆ ಚುಚ್ಚಿದರೆ ಅದು ನೇರ ಶಾರ್ಟ್. ಮೀಟರಿನ ಫ್ಯೂಸ್ ಮಾತ್ರ ಹೋದರೆ ನಿಮ್ಮ ಪುಣ್ಯ.

ಆಫ್‌ನಲ್ಲಿ ಎಳೆತ ಸಿಕ್ಕಿತು ಎಂದುಕೊಳ್ಳಿ. ಬ್ಯಾಟರಿ ತೆಗೆದು, ಗುಬ್ಬಿ ಆಫ್‌ನಲ್ಲಿಟ್ಟು, ಟೋಪಿಯ ಎರಡು ಗುಂಡಿಗಳ ನಡುವೆ ಓಮ್ ಅಳೆಯಿರಿ. ಏನೂ ತೋರಿಸಬಾರದು. 11 ಕಿಲೋಓಮ್ ಹತ್ತಿರ ತೋರಿಸಿದರೆ ನಿಮ್ಮ 0.8 ಮಿಲಿಆಂಪಿಯರ್ ಅಲ್ಲೇ ಸೋರುತ್ತಿದೆ: 9 ವೋಲ್ಟ್ ಭಾಗ 11,000 ಓಮ್. ಇನ್ನು ಈ ಸೋರಿಕೆ ಕೂತಿರುವ ಜಾಗಗಳು. ಒಂದು, ಗುಬ್ಬಿ. ಹಿಂದೆ ಯಾರಾದರೂ ಮೀಟರು ಬಿಚ್ಚಿದ್ದರೆ ಗುಬ್ಬಿಯನ್ನು ಒಂದು ಹಲ್ಲು ಆಚೀಚೆ ಕೂರಿಸಿರಬಹುದು. ಬಾಣ ಆಫ್ ತೋರಿಸುತ್ತದೆ, ಒಳಗಿನ ತಾಮ್ರದ ನಾಲಿಗೆ ಪಕ್ಕದ ಪಟ್ಟಿಯ ಮೇಲಿರುತ್ತದೆ. ಆಫ್‌ನಲ್ಲೂ ಡಿಸ್‌ಪ್ಲೇಯಲ್ಲಿ ಅಂಕಿ ಮಸುಕಾಗಿ ಉಳಿದರೆ ಇದೇ ಕಾರಣ. ಎರಡು, ಗುಬ್ಬಿಯ ಕೆಳಗಿನ ಪಟ್ಟಿಗಳ ನಡುವೆ ಸವೆದ ಲೋಹದ ಪುಡಿ ಮತ್ತು ಗ್ರೀಸು ಕಲಸಿದ ಕಪ್ಪು ಕೊಳೆ. ಹಳೆಯ ಮೀಟರುಗಳಲ್ಲಿ ನಮ್ಮ ಮೊದಲ ಅನುಮಾನ ಇದರ ಮೇಲೆಯೇ. ಮೂರು, ಬ್ಯಾಟರಿ ವೈರು ಬೆಸೆದ ಜಾಗದಲ್ಲಿ ಬಳಿದು ಬಿಟ್ಟ ಬೆಸುಗೆ ಪೇಸ್ಟು. ಪೈಪಿಗೆ, ತಗಡಿಗೆ ಹಚ್ಚುವ ಆಸಿಡ್ ಪೇಸ್ಟನ್ನು ಬೋರ್ಡಿಗೆ ಬಳಸಿದ್ದರಂತೂ ತೇವ ಹಿಡಿದು ಕರೆಂಟಿಗೆ ಒಳ್ಳೆಯ ದಾರಿ. ನಾಲ್ಕು, ಕೆಲವು ಮಾದರಿಗಳಲ್ಲಿ ಸ್ವಿಚ್ಚಿಗಿಂತ ಮೊದಲೇ ಬ್ಯಾಟರಿಗೆ ಅಡ್ಡಲಾಗಿ ಕೂತ ಕೆಪ್ಯಾಸಿಟರ್. ಅದರ ಒಂದು ಕಾಲು ಬಿಚ್ಚಿ ಮತ್ತೆ ಎಳೆತ ನೋಡಿ, ಸೊನ್ನೆಗೆ ಬಂದರೆ ಅಷ್ಟೇ ಮೈಕ್ರೊಫ್ಯಾರಡ್‌ನ, 16 ವೋಲ್ಟ್ ಅಥವಾ ಮೇಲಿನ ಹೊಸದನ್ನು ಹಾಕಿ.

ಬೆರಳಿಟ್ಟು ಯಾವುದು ಬಿಸಿ ಇದೆ ಎಂದು ಹುಡುಕುವುದು ಇಲ್ಲಿ ನಡೆಯದು. 0.8 ಮಿಲಿಆಂಪಿಯರ್ ಎಂದರೆ 7 ಮಿಲಿವಾಟ್, ಇರುವೆಗೂ ಬೆಚ್ಚಗಾಗುವುದಿಲ್ಲ.

ಶುಚಿ ಮಾಡಲು ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೊಬೈಲ್ ರಿಪೇರಿಯವರು ಐಪಿಎ ಅನ್ನುವುದು ಅದನ್ನೇ. ಹಳೆ ಟೂತ್‌ಬ್ರಷ್ಷಿಗೆ ಹಾಕಿ ಪಟ್ಟಿಗಳ ಉದ್ದಕ್ಕೆ ತಿಕ್ಕಿ, ಅಡ್ಡಕ್ಕೆ ಬೇಡ. ನಂತರ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತದಿರುವ ತನಕ. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ, ಪ್ಲಾಸ್ಟಿಕ್ ಸೀಳುತ್ತದೆ, ಡಿಸ್‌ಪ್ಲೇ ಕಿಟಕಿ ಬೆಳ್ಳಗಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಹೊಡೆದ ದಿನ ಎಲ್ಲ ಸರಿ ಕಾಣುತ್ತದೆ, ಆಮೇಲೆ ಉಳಿದ ಎಣ್ಣೆಪಸೆಗೆ ಧೂಳು ಅಂಟಿ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ. ಬೋರ್ಡ್ ಎತ್ತುವಾಗ ಡಿಸ್‌ಪ್ಲೇಗೂ ಬೋರ್ಡಿಗೂ ನಡುವಿನ ಗೆರೆಗೆರೆ ರಬ್ಬರ್ ಪಟ್ಟಿ, ಗುಬ್ಬಿಯ ಪಕ್ಕದ ಸಣ್ಣ ಉಕ್ಕಿನ ಗುಂಡುಗಳು ಉರುಳಿ ಹೋಗದಂತೆ ಅಗಲ ತಟ್ಟೆಯ ಮೇಲೆ ಕೆಲಸ ಮಾಡಿ.

ಪ್ರಶ್ನೆ: ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಮೀಟರಿನ ಬ್ಯಾಟರಿ ನಿಲ್ಲುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೇ ಇಟ್ಟಿರುತ್ತೇವೆ. ಕೆಲವರು ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಅಂತಾರೆ.
– ಕೃಷಿಕರು, ಹೊಸನಗರ ತಾಲ್ಲೂಕು

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ನಿಮ್ಮ ಕಡೆಯೂ ಕಡಿಮೆಯೇನಲ್ಲ. ಗೋಡೆ, ಚಪ್ಪಲಿ, ಬೆಲ್ಟು ಎಲ್ಲ ಬೂಷ್ಟು ಹಿಡಿಯುವಾಗ ಬೋರ್ಡ್ ಮಾತ್ರ ಒಣಗಿರಲು ಸಾಧ್ಯವಿಲ್ಲ. ಬರೀ ತೇವದಿಂದ ಅಷ್ಟು ಸೋರಿಕೆ ಆಗುವುದಿಲ್ಲ. ಧೂಳು, ಬೆವರಿನ ಉಪ್ಪು, ಬೆಸುಗೆ ಪೇಸ್ಟು, ಮಸಿ ಇವು ಬೋರ್ಡಿನ ಮೇಲೆ ಕೂತು ಗಾಳಿಯ ತೇವವನ್ನು ಹೀರಿಕೊಂಡರೆ ಅದು ರೆಸಿಸ್ಟರ್ ಇದ್ದ ಹಾಗೆ. 100 ಕಿಲೋಓಮ್ ಸೋರಿಕೆಯಾದರೂ ಸಾಕು, 9 ವೋಲ್ಟಿನಲ್ಲಿ 90 ಮೈಕ್ರೊಆಂಪಿಯರ್ ದಿನವಿಡೀ ಹೋಗುತ್ತದೆ. ಬೇಸಿಗೆಯಲ್ಲಿ ಕೊಳೆ ಒಣಗುತ್ತದೆ, ಸೋರಿಕೆ ನಿಲ್ಲುತ್ತದೆ, ನೀವು ಮರೆಯುತ್ತೀರಿ.

ಒಳಗೆ ಥಂಡಿ ಇದೆಯೇ ಎಂದು ಬಿಚ್ಚದೆ ತಿಳಿಯಬಹುದು. ಪ್ರೋಬ್‌ಗಳನ್ನು ಕಿತ್ತು, ಮೀಟರನ್ನು ಅತಿ ಮೇಲಿನ ಓಮ್ ರೇಂಜಿಗೆ ಹಾಕಿ, 2000 ಕಿಲೋ ಅಥವಾ 20 ಮೆಗಾ. ಎಡಕ್ಕೆ ಒಂಟಿ 1 ಅಥವಾ ಓಎಲ್ (ಅಳತೆ ಮೀರಿದೆ ಎಂಬ ಗುರುತು) ಬರಬೇಕು. ಅದರ ಬದಲು ಯಾವುದೋ ಅಂಕಿ ಬಂದು ಅಲ್ಲಾಡುತ್ತಿದ್ದರೆ ಬೋರ್ಡೇ ರೆಸಿಸ್ಟರ್ ಆಗಿ ಕೂತಿದೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದು ನಿಜ. ಅಡಿಕೆ ಬುಟ್ಟಿಗೆ, ಬಿತ್ತನೆ ಬೀಜಕ್ಕೆ ಅದು ಒಳ್ಳೆಯದು. ಮೀಟರಿಗೆ ಅಲ್ಲ. ಸೌದೆ ಹೊಗೆಯ ಮಸಿ, ಜಿಗುಟು ಒಳಗೆ ಹೋಗಿ ಕೂರುತ್ತದೆ, ಮೇಲೆ ಹೇಳಿದ ಕೊಳೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಇನ್ನೊಂದಿಲ್ಲ. ಅಕ್ಕಿಯೂ ಬೇಡ, ಮಳೆಗಾಲದ ಅಕ್ಕಿಯೇ ತೇವ ಹೀರಿರುತ್ತದೆ, ಮೇಲಿಂದ ಅದರ ಹಿಟ್ಟು ಪ್ರೋಬ್ ತೂತಿಗೆ ಸೇರುತ್ತದೆ.

ಬದಲಿಗೆ ಹೀಗೆ ಮಾಡಿ. ಒಂದು ಸಲ ಬೋರ್ಡನ್ನು ಐಪಿಎಯಲ್ಲಿ ಶುಚಿ ಮಾಡಿಸಿ. ಬಿಸಿಲಿದ್ದ ದಿನ ಮುಚ್ಚಳ ತೆಗೆದು ಎರಡು ಗಂಟೆ ಒಣಗಿಸಿ. ಡಿಸ್‌ಪ್ಲೇಗೆ ನೇರ ಬಿಸಿಲು ಬೀಳದಿರಲಿ, ಅದು ಕಪ್ಪಾಗುತ್ತದೆ. ಬಿಸಿಲೇ ಕಾಣದ ವಾರವಾದರೆ ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಒಂದು ಗೇಣು ದೂರದಿಂದ ಹತ್ತು ನಿಮಿಷ. ಆಮೇಲೆ ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬದಲ್ಲಿ 50 ಗ್ರಾಂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳಿನದು ತಂದರೆ ತೇವ ತುಂಬಿದಾಗ ಗುಲಾಬಿಯಾಗಿ ತಾನೇ ತಿಳಿಸುತ್ತದೆ. ಸಣ್ಣ ಉರಿಯಲ್ಲಿ ಹಳೆ ಬಾಂಡಲಿಗೆ ಹಾಕಿ ನೀಲಿ ಬರುವ ತನಕ ಕಾಯಿಸಿದರೆ ಮತ್ತೆ ಬಳಸಬಹುದು. ಆ ಬಾಂಡಲಿ ಮತ್ತೆ ಅಡುಗೆಮನೆಗೆ ಹೋಗಬಾರದು, ನೀಲಿ ಬಣ್ಣ ಕೋಬಾಲ್ಟ್ ಉಪ್ಪಿನದು, ವಿಷ.

ವಾರಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದೇ ಇಡಿ. ಅದಕ್ಕಿಂತ ಒಳ್ಳೆಯ ಆಫ್ ಸ್ವಿಚ್ ಇಲ್ಲ.

ಪ್ರಶ್ನೆ: ಬ್ಯಾಟರಿ ಹೊಸದು. ಬೇರೆ ಮೀಟರಿನಲ್ಲಿ ನೋಡಿದರೆ 9.2 ವೋಲ್ಟ್ ಇದೆ. ಹಾಕಿದ ಕೂಡಲೇ ಬ್ಯಾಟರಿ ಚಿತ್ರ ಬಂದು ಕೂರುತ್ತದೆ, ಕಂಟಿನ್ಯುಟಿ ಬಝರ್ ಕೂಗಿದರೆ ಡಿಸ್‌ಪ್ಲೇ ಮಾಯ.
– ಐಟಿಐ ವಿದ್ಯಾರ್ಥಿ, ಸಾಗರ

ಉತ್ತರ: ಬ್ಯಾಟರಿ ಇಳಿಯುತ್ತಿಲ್ಲ, ಅದರ ವೋಲ್ಟೇಜು ಮೀಟರಿಗೆ ತಲುಪುತ್ತಿಲ್ಲ. ಮೀಟರ್ ಆನ್ ಇದ್ದಾಗ, ಬಝರ್ ಕೂಗುವಾಗ ಎರಡು ಕಡೆ ವೋಲ್ಟೇಜ್ ನೋಡಿ: ಒಮ್ಮೆ ಬ್ಯಾಟರಿಯ ಗುಂಡಿಗಳ ಮೇಲೆ, ಇನ್ನೊಮ್ಮೆ ಟೋಪಿಯ ವೈರುಗಳು ಬೋರ್ಡಿಗೆ ಬೆಸೆದ ಜಾಗದಲ್ಲಿ. ಬ್ಯಾಟರಿಯಲ್ಲಿ 9, ಬೋರ್ಡಿನಲ್ಲಿ 7 ಬಂದರೆ ನಡುವೆ 2 ವೋಲ್ಟ್ ತಿನ್ನುವುದು ಟೋಪಿ. ಸಡಿಲವಾದ ದೊಡ್ಡ ಗುಂಡಿಯನ್ನು ನೋಸ್ ಪ್ಲೇಯರಿನಲ್ಲಿ ಮೆಲ್ಲಗೆ ಒತ್ತಿ ಬಿಗಿ ಮಾಡಿ. ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಕಪ್ಪು ತಾಮ್ರಕ್ಕೆ ಬೆಸುಗೆ ಹತ್ತುವುದೇ ಇಲ್ಲ. ಇಡೀ ಟೋಪಿಯನ್ನೇ ಬದಲಿಸಿ, ಶಿವಮೊಗ್ಗದ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಬ್ಯಾಟರಿಯ ಗುಂಡಿಗಳ ಮೇಲೆಯೇ 9.2 ಇದ್ದದ್ದು 7ಕ್ಕೆ ಕುಸಿದರೆ ಅದು ಹೊಸದಲ್ಲ, ಅಂಗಡಿಯಲ್ಲಿ ಮುದಿಯಾದದ್ದು. ಮುಂದೆ ಕೊಳ್ಳುವಾಗ 1 ಕಿಲೋಓಮ್ ರೆಸಿಸ್ಟರನ್ನು ಅಡ್ಡ ಹಿಡಿದು ಅಳೆಯಿರಿ, ಸುಮಾರು 9 ಮಿಲಿಆಂಪಿಯರ್ ಭಾರ ಬೀಳುತ್ತದೆ. ಭಾರದಲ್ಲೂ 8.5ರ ಮೇಲೆ ನಿಂತರೆ ತನ್ನಿ. ಭಾರವಿಲ್ಲದ ವೋಲ್ಟೇಜು ಬ್ಯಾಟರಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ಬ್ಯಾಟರಿ ನೀರು ಬಿಟ್ಟು ಗೂಡಿನ ತುಂಬ ಬಿಳಿ ಪುಡಿ. ನಿಂಬೆಹಣ್ಣು ಹಚ್ಚಿ ತೊಳೆಯಬಹುದೆ?
– ಓದುಗರು, ಭದ್ರಾವತಿ

ಉತ್ತರ: ಯಾವ ಬ್ಯಾಟರಿ ಎಂಬುದರ ಮೇಲಿದೆ. ಆಲ್ಕಲೈನ್ ಆದರೆ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗಾಳಿಗೆ ಒಡ್ಡಿಕೊಂಡು ಬಿಳಿ ಪುಡಿಯಾಗುತ್ತದೆ. ಅದು ಕ್ಷಾರ, ಹಾಗಾಗಿ ನಿಂಬೆರಸ ಇಲ್ಲವೆ ವಿನೆಗರ್ ಸರಿ. ಕಿವಿಕಡ್ಡಿಯ ಹತ್ತಿಗೆ ಹನಿ ಅದ್ದಿ ಮುಟ್ಟಿಸಿ, ಬುರುಬುರು ನೊರೆ ಬಂದು ನಿಲ್ಲುವ ತನಕ. ಆಮೇಲೆ ನೀರಿನ ಹತ್ತಿ, ಕೊನೆಗೆ ಐಪಿಎ, ನಂತರ ಒಣಗಿಸುವುದು. ನಿಂಬೆರಸ ಅಲ್ಲೇ ಉಳಿದರೆ ಮುಂದಿನ ಕಿಲುಬಿಗೆ ನೀವೇ ಬೀಜ ಬಿತ್ತಿದಂತೆ. ಜಿಂಕ್-ಕಾರ್ಬನ್ ಬ್ಯಾಟರಿ ಬಿಡುವ ರಸ ಆಮ್ಲದ ಕಡೆಯದು, ಅದಕ್ಕೆ ನಿಂಬೆ ಹಚ್ಚುವುದು ಉರಿಗೆ ತುಪ್ಪ. ಚಿಟಿಕೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಒರೆಸಿ, ಬರಿ ನೀರು, ಐಪಿಎ. ಎರಡಕ್ಕೂ ಕೈಗವಸು ಬೇಕು, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಸ್ಪ್ರಿಂಗಿನ ಲೇಪ ಹೋಗಿದ್ದರೆ ಸಣ್ಣ ಮರಳುಕಾಗದದಲ್ಲಿ ಹೊಳಪು ಬರಿಸಬಹುದು, ಆದರೆ ಆರು ತಿಂಗಳಿಗೆ ಮತ್ತೆ ತುಕ್ಕು. ಬದಲಿಸುವುದೇ ಮೇಲು. ಎರಡು ಮೂರು ಶೆಲ್ ಹಾಕುವ ಮೀಟರಾದರೆ ಹಳತು ಹೊಸತು ಬೆರೆಸಬೇಡಿ. ಮೊದಲು ಖಾಲಿಯಾದ ಶೆಲ್ಲಿನ ಮೂಲಕ ಉಳಿದವು ಕರೆಂಟನ್ನು ತಳ್ಳುತ್ತಲೇ ಇರುತ್ತವೆ, ಅದು ತಲೆಕೆಳಗಾಗಿ ಚಾರ್ಜ್ ಆಗಿ ಒಡೆದು ಸೋರುತ್ತದೆ. ಬಹಳ ಮೀಟರುಗಳನ್ನು ಕೊಂದಿರುವುದು ಬ್ಯಾಟರಿ ಉಳಿಸುವ ಈ ಆಸೆಯೇ.

ಪ್ರಶ್ನೆ: ಕ್ಲಾಂಪ್ ಮೀಟರ್ 15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಆದರೂ ಎರಡು ಟ್ರಿಪಲ್ ಎ ಶೆಲ್ ಎರಡು ತಿಂಗಳು ಬರುವುದಿಲ್ಲ.
– ಪಂಪ್‌ಸೆಟ್ ಮೆಕ್ಯಾನಿಕ್, ಶಿಕಾರಿಪುರ

ಉತ್ತರ: ತಾನೇ ಆಫ್ ಆಗುವುದು ಬೇರೆ, ಗುಬ್ಬಿ ಆಫ್ ಮಾಡುವುದು ಬೇರೆ. ಮೊದಲನೆಯದರಲ್ಲಿ ಚಿಪ್ ನಿದ್ದೆ ಮಾಡುತ್ತದೆ, ಬಟನ್ ಒತ್ತಿದರೆ ಏಳಲು ಕಿವಿ ತೆರೆದೇ ಇರುತ್ತದೆ. ಒಳ್ಳೆಯ ಮೀಟರಿನಲ್ಲಿ ಅದಕ್ಕೆ ಕೆಲವೇ ಮೈಕ್ರೊಆಂಪಿಯರ್ ಸಾಕು, ಅಗ್ಗದವುಗಳಲ್ಲಿ ಹೆಚ್ಚು. ಕೆಲಸ ಮುಗಿದ ಮೇಲೆ ಕೈಯಾರೆ ಗುಬ್ಬಿಯನ್ನು ಆಫ್‌ಗೆ ತನ್ನಿ.

ಹೆಚ್ಚಿನ ಸಲ ಕಳ್ಳ ಬೇರೆ ಕಡೆ ಇರುತ್ತಾನೆ. ಟ್ರಿಪಲ್ ಎ ಆಲ್ಕಲೈನ್ ಶೆಲ್ಲಿನಲ್ಲಿ ಸುಮಾರು 1000 ಮಿಲಿಆಂಪಿಯರ್-ಗಂಟೆ ಇರುತ್ತದೆ. ಮೀಟರ್ 2 ಮಿಲಿ ಎಳೆದರೆ 500 ಗಂಟೆ. ಹಿಂಬದಿ ದೀಪ ಹಚ್ಚಿ ಇನ್ನೊಂದು 15 ಮಿಲಿ ಸೇರಿಸಿದರೆ ಅದೇ ಶೆಲ್ 60 ಗಂಟೆಗೆ ಇಳಿಯುತ್ತದೆ. ಡಿಸಿ ಆಂಪಿಯರ್ ಕೂಡ ಅಳೆಯುವ ಕ್ಲಾಂಪ್ ಆದರೆ ದವಡೆಯೊಳಗಿನ, ಕಾಂತಬಲ ಗ್ರಹಿಸುವ ಹಾಲ್ ಸೆನ್ಸರಿಗೇ ಹತ್ತು ಮಿಲಿಆಂಪಿಯರ್ ಹೋದರೂ ಆಶ್ಚರ್ಯವಿಲ್ಲ. ಪಂಪ್‌ಸೆಟ್ಟಿನ ಕೆಲಸಕ್ಕೆ ಎಸಿ ಮಾತ್ರ ಬೇಕು, ಗುಬ್ಬಿಯನ್ನು ಡಿಸಿ ಆಂಪಿಯರ್ ಮನೆಯಲ್ಲಿ ನಿಲ್ಲಿಸಿಕೊಂಡು ಸ್ಟಾರ್ಟರ್ ಬಿಚ್ಚುತ್ತಾ ಕೂರಬೇಡಿ. ಇನ್ನೊಂದು: ಕೆಲವು ಮೀಟರುಗಳಲ್ಲಿ ಮ್ಯಾಕ್ಸ್-ಮಿನ್ ಒತ್ತಿದರೆ, ಅಥವಾ ಯಾವುದೋ ಬಟನ್ ಹಿಡಿದುಕೊಂಡೇ ಆನ್ ಮಾಡಿದರೆ, ತಾನೇ ಆಫ್ ಆಗುವ ಏರ್ಪಾಡು ರದ್ದಾಗುತ್ತದೆ. ಮೋಟಾರ್ ಎತ್ತುವಾಗಿನ ಆಂಪಿಯರ್ ಹಿಡಿಯಲು ಮ್ಯಾಕ್ಸ್ ಒತ್ತಿ ಮರೆತರೆ ಮೀಟರು ರಾತ್ರಿಯೆಲ್ಲ ಎಚ್ಚರ.

ಟ್ರಿಪಲ್ ಎ ಗೂಡಿನಲ್ಲಿ ಎಳೆತ ಅಳೆಯಲು ತೆಳು ಪ್ಲಾಸ್ಟಿಕ್ ಪಟ್ಟಿಯ ಎರಡೂ ಬದಿಗೆ ತಾಮ್ರದ ಇಲ್ಲವೆ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಹಾಳೆಗಳು ಒಂದಕ್ಕೊಂದು ತಾಗಬಾರದು. ಅದನ್ನು ಶೆಲ್ಲಿಗೂ ಸ್ಪ್ರಿಂಗಿಗೂ ನಡುವೆ ತೂರಿಸಿ, ಎರಡೂ ಹಾಳೆಗೆ ಕ್ಲಿಪ್ ಹಾಕಿ ಎರಡನೇ ಮೀಟರಿಗೆ ಕೊಡಿ. ಉಳಿದದ್ದು ಮೊದಲ ಉತ್ತರದಲ್ಲಿ ಹೇಳಿದ ಹಾಗೆಯೇ, 20 ಮಿಲಿಯಿಂದ ಶುರು. ಗುಬ್ಬಿ ಆಫ್‌ನಲ್ಲಿದ್ದಾಗ, ತಾನೇ ಆಫ್ ಆದಾಗ, ದೀಪ ಹಚ್ಚಿದಾಗ ಎಂದು ಮೂರು ಅಂಕಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ.

ಪ್ರಶ್ನೆ: ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 9 ವೋಲ್ಟ್ ಬ್ಯಾಟರಿ ಹಾಕಬಹುದೆ?
– ಓದುಗರು, ಸೊರಬ

ಉತ್ತರ: ಹಾಕಬಹುದು, ನಾವು ಹಾಕುವುದಿಲ್ಲ. ಒಳಗಿರುವುದು ಲಿಥಿಯಂ ಸೆಲ್ ಮತ್ತು ವೋಲ್ಟೇಜನ್ನು ಏರಿಸುವ ಸಣ್ಣ ಸರ್ಕ್ಯೂಟು. ಮೀಟರು ಆಫ್ ಇದ್ದರೂ ಆ ಸರ್ಕ್ಯೂಟು ತನ್ನ ಪಾಲು ತಿನ್ನುತ್ತಿರುತ್ತದೆ, ಅದರ ಕಿರಿಕಿರಿ ಮಿಲಿವೋಲ್ಟ್ ಅಳತೆಯಲ್ಲಿ ಅಂಕಿಯನ್ನು ಕುಣಿಸುತ್ತದೆ. ಖಾಲಿಯಾಗುವ ಕ್ಷಣದವರೆಗೂ 9 ವೋಲ್ಟ್ ತೋರಿಸಿ ಗಕ್ಕನೆ ನಿಲ್ಲುವುದರಿಂದ ಬ್ಯಾಟರಿ ಚಿತ್ರ ಬಂದು ಎಚ್ಚರಿಸುವುದೂ ಇಲ್ಲ. ನಿಕ್ಕಲ್ ಜಾತಿಯ ರೀಚಾರ್ಜಬಲ್‌ನಲ್ಲಿ ಎರಡು ಬಗೆ: ಆರು ಸೆಲ್ಲಿನದು 7.2 ವೋಲ್ಟ್, ಏಳು ಸೆಲ್ಲಿನದು 8.4. ಆರರದ್ದು ಹಾಕಿದ ಕೆಲವೇ ದಿನಕ್ಕೆ ಮೀಟರು ಬ್ಯಾಟರಿ ಚಿತ್ರ ತೋರಿಸುತ್ತದೆ. ವರ್ಷಕ್ಕೊಂದು ಆಲ್ಕಲೈನ್ ಸಾಕಾಗುವ ಸಾಮಾನಿಗೆ ಇಷ್ಟೆಲ್ಲ ಯಾಕೆ?

ಪ್ರಶ್ನೆ: ಬ್ಯಾಟರಿ ಚಿತ್ರ ಬಂದಮೇಲೂ ಕೆಲಸ ನಡೆಸಬಹುದೆ? ಮನೆಯ ಲೈನ್ 268 ವೋಲ್ಟ್ ತೋರಿಸುತ್ತಿದೆ, ಪಕ್ಕದ ಮನೆಯವರ ಮೀಟರಿನಲ್ಲಿ 232.
– ಗೃಹಿಣಿ, ಕೊಪ್ಪ

ಉತ್ತರ: ಪಕ್ಕದ ಮನೆಯದನ್ನು ನಂಬಿ, ಬ್ಯಾಟರಿ ಬದಲಿಸಿ, ಆಮೇಲೆ ಮತ್ತೆ ಅಳೆಯಿರಿ. ಐಸಿಎಲ್ 7106 ಜಾತಿಯ ಚಿಪ್ಪಿರುವ ಮೀಟರುಗಳು ಹೊರಗಿನ ವೋಲ್ಟೇಜನ್ನು ತಮ್ಮೊಳಗಿನ ಒಂದು ಸ್ಥಿರ ವೋಲ್ಟೇಜಿಗೆ ಹೋಲಿಸಿ ಅಂಕಿ ತೋರಿಸುತ್ತವೆ. ಬ್ಯಾಟರಿ 7 ವೋಲ್ಟಿನ ಕೆಳಗೆ ಇಳಿದರೆ ಆ ಸ್ಥಿರ ವೋಲ್ಟೇಜೂ ಜಾರುತ್ತದೆ. ಸೇರು ಸಣ್ಣದಾದರೆ ಅದೇ ಭತ್ತ ಹೆಚ್ಚು ಸೇರು ಬಂದಂತೆ ಕಾಣುತ್ತದಲ್ಲ, ಹಾಗೆ. ಅಲ್ಲಿಗೇ ನಿಲ್ಲುವುದೂ ಇಲ್ಲ, ಇನ್ನೂ ಇಳಿದರೆ ಕರೆಂಟಿರುವ ವೈರಿನ ಮೇಲೂ ಸೊನ್ನೆ ತೋರಿಸಿಬಿಡಬಹುದು. ವೈರು ಮುಟ್ಟುವ ಮೊದಲು ಕರೆಂಟ್ ಇದೆ ಎಂದು ಖಚಿತವಿರುವ ಪ್ಲಗ್ಗಿನಲ್ಲಿ ಮೀಟರ್ ನೋಡಿ, ಕೆಲಸದ ವೈರು ನೋಡಿ, ಮತ್ತೆ ಆ ಪ್ಲಗ್ಗಿನಲ್ಲಿ ನೋಡಿ.

ಪ್ರಶ್ನೆ: ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಮಲ್ಟಿಮೀಟರಿನಲ್ಲಿ ನೋಡಿದೆವು. ಅಂದಿನಿಂದ ಬ್ಯಾಟರಿ ಎರಡೇ ದಿನ ಬರುತ್ತಿದೆ.
– ಅಡಿಕೆ ಬೆಳೆಗಾರರು, ಶೃಂಗೇರಿ

ಉತ್ತರ: ಬೇಲಿಯ ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಹೊಡೆಯುವ ಏಟು ಹಲವು ಸಾವಿರ ವೋಲ್ಟಿನದು, ಮೀಟರು ತಡೆಯುವುದು 600 ಇಲ್ಲವೆ 1000. 400 ಮಿಲಿಆಂಪಿಯರ್-ಗಂಟೆ ಎರಡು ದಿನಕ್ಕೆ ಮುಗಿದರೆ ಎಳೆತ 8 ಮಿಲಿಆಂಪಿಯರ್. ಆನ್ ಇದ್ದಾಗ ಅಷ್ಟು ಬಂದರೆ ಚಿಪ್ಪೇ ಒಳಗೆ ಸುಟ್ಟಿದೆ. ಕಪ್ಪು ಅಂಟಿನ ಹುಂಡಿನ ಕೆಳಗೆ ಕೂತ ಚಿಪ್ ಬದಲಿಸಲು ಬರುವುದಿಲ್ಲ. ಅಂಕಿ ಸರಿ ತೋರಿಸುತ್ತಿದ್ದರೂ ಆ ಮೀಟರನ್ನು 230 ವೋಲ್ಟಿಗೆ ಇನ್ನು ಬಳಸಬೇಡಿ. ಬೇಲಿ ನೋಡಲು ನಿಯಾನ್ ದೀಪಗಳ ಸಾಲಿರುವ ಬೇಲಿ ಟೆಸ್ಟರ್ ತನ್ನಿ, ಅದಕ್ಕೆ ಬ್ಯಾಟರಿಯೇ ಬೇಡ.

ಪ್ರಶ್ನೆ: ಶಾಲೆಯ ಪ್ರಯೋಗಾಲಯದಲ್ಲಿ ಮುಳ್ಳಿನ ಹಳೆ ಮಲ್ಟಿಮೀಟರುಗಳಿವೆ. ವೋಲ್ಟ್ ಸರಿ ತೋರಿಸುತ್ತವೆ, ಓಮ್‌ನಲ್ಲಿ ಮುಳ್ಳು ಸೊನ್ನೆಗೆ ಬರುವುದಿಲ್ಲ. ಹೊಸ ಶೆಲ್ ಹಾಕಿದರೂ ಒಂದೇ ವಾರ.
– ವಿಜ್ಞಾನ ಶಿಕ್ಷಕರು, ಸಾಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ಮುಳ್ಳಿನ ಮೀಟರು ವೋಲ್ಟ್, ಆಂಪಿಯರ್ ಅಳೆಯಲು ಶೆಲ್ ಮುಟ್ಟುವುದೇ ಇಲ್ಲ, ಅಳೆಯುವ ಸರ್ಕ್ಯೂಟಿನಿಂದಲೇ ಶಕ್ತಿ ತೆಗೆದುಕೊಳ್ಳುತ್ತದೆ. ಶೆಲ್ ಖರ್ಚಾಗುವುದು ಓಮ್‌ನಲ್ಲಿ ಮಾತ್ರ, ಅದೂ ಪ್ರೋಬ್‌ಗಳು ಕೂಡಿದಾಗ. ಗುಣಿಸು 1 (×1) ರೇಂಜಿನಲ್ಲಿ 3 ವೋಲ್ಟ್, ಒಳಗಿನ ರೆಸಿಸ್ಟೆನ್ಸ್ 20 ಓಮ್ ಇರುವ ಮೀಟರಾದರೆ ಪ್ರೋಬ್ ಕೂಡಿಸಿದಷ್ಟು ಹೊತ್ತೂ 150 ಮಿಲಿಆಂಪಿಯರ್ ಹೋಗುತ್ತದೆ. ಮಕ್ಕಳು ಓಮ್‌ನಲ್ಲೇ ಬಿಟ್ಟು, ಎರಡು ಪ್ರೋಬನ್ನೂ ಒಟ್ಟಿಗೆ ಸುತ್ತಿ ಬೀರುವಿಗೆ ಹಾಕಿದರೆ ಒಂದೇ ರಾತ್ರಿಗೆ ಶೆಲ್ ಮುಗಿಯುತ್ತದೆ.

ಯಾವ ಶೆಲ್ ಸತ್ತಿದೆ ಎಂದು ಬಿಚ್ಚದೆ ಹೇಳಬಹುದು. ಪ್ರೋಬ್ ಕೂಡಿಸಿ ಸೊನ್ನೆ ಗುಬ್ಬಿ ತಿರುಗಿಸಿ. ಗುಣಿಸು 1ರಲ್ಲಿ ಸೊನ್ನೆಗೆ ಬರದೆ ಮೇಲಿನ ರೇಂಜುಗಳಲ್ಲಿ ಬಂದರೆ 1.5 ವೋಲ್ಟಿನ ಶೆಲ್‌ಗಳು ಸೋತಿವೆ. ಎಲ್ಲದರಲ್ಲಿ ಬಂದು ಗುಣಿಸು 10 ಸಾವಿರದಲ್ಲಿ ಮಾತ್ರ ಬರದಿದ್ದರೆ ಒಳಗಿನ 9 ವೋಲ್ಟ್ ಬ್ಯಾಟರಿ ಹೋಗಿದೆ. ಬಹಳ ಕಡೆ ಅದೊಂದು ಇದೆ ಎಂಬುದೇ ಮರೆತು ವರ್ಷಗಳಾಗಿರುತ್ತವೆ, ಅಷ್ಟರಲ್ಲಿ ಸೋರಿ ಬೋರ್ಡ್ ತಿಂದಿರುತ್ತದೆ, ತೆಗೆದು ನೋಡಿ. ತರಗತಿ ಮುಗಿದ ಮೇಲೆ ಗುಬ್ಬಿ ಆಫ್‌ನಲ್ಲಿರಲಿ, ಆಫ್ ಇಲ್ಲದ ಮಾದರಿಯಾದರೆ ಅತಿ ಮೇಲಿನ ಡಿಸಿ ವೋಲ್ಟಿನಲ್ಲಿ. ಬೇಸಿಗೆ ರಜೆ ಶುರುವಾಗುವ ಮೊದಲು ಎಲ್ಲ ಮೀಟರುಗಳ ಶೆಲ್ ಬಿಚ್ಚಿಸಿ ಬೇರೆ ಡಬ್ಬದಲ್ಲಿ ಹಾಕಿಸಿ. ಜೂನ್‌ನಲ್ಲಿ ಬೀರು ತೆಗೆದಾಗ ಗೂಡು ಒರೆಸುವ ಕೆಲಸ ತಪ್ಪುತ್ತದೆ.